ಬೇರಿಂಗಿನ ಜ್ವರ

ಬಂದರಿನ ಐಸ್ ಪ್ಲಾಂಟು ನಡೆಯುವುದು ಕರೆಂಟಿನಿಂದಲ್ಲ, ತನ್ನಿಂದ ಎಂಬ ಬಗ್ಗೆ ಗಿರಿಯಪ್ಪಣ್ಣನಿಗೆ ಎಳ್ಳಷ್ಟೂ ಸಂಶಯವಿಲ್ಲ. ಹಳೆಯ ಯಂತ್ರದ ಬೇರಿಂಗಿನ ಮೇಲೊಂದು ಗಾಜಿನ ಎಣ್ಣೆ ಬಟ್ಟಲಿದ್ದು, ಅದರಿಂದ ನಿಮಿಷಕ್ಕೆ ಹತ್ತು ಹನಿ ಬೀಳಬೇಕು. ಒಂಬತ್ತಾದರೆ ಬೇರಿಂಗ್ ಸುಡುತ್ತದೆ, ಹನ್ನೊಂದಾದರೆ ಎಣ್ಣೆ ದಂಡ; ಆ ಬಟ್ಟಲಿನ ತಿರುಪು ಮುಟ್ಟುವ ಯೋಗ್ಯತೆಯುಳ್ಳವರು ಭೂಮಿಯ ಮೇಲೆ ಅವರೊಬ್ಬರೇ. ಅವರು ಹನಿ ಎಣಿಸುವಾಗ ಮಾಲೀಕರು ಕೆಮ್ಮಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಎಣಿಸಿ ಮುಗಿದ ಮೇಲೆ ಬೇರಿಂಗಿನ ಮೈಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, "ಜ್ವರ ಇಲ್ಲ" ಎಂದು ಘೋಷಿಸುತ್ತಾರೆ. ಹೊಸ ಇಂಜಿನಿಯರ್ ಶೈಲೇಶ್, ತಾನಾಗಿಯೇ ಎಣ್ಣೆ ಹಾಕುವ ಪಂಪು ತರಿಸೋಣ ಎಂದಾಗ, "ಅದು ಕೈಯಿಟ್ಟು ಜ್ವರ ನೋಡ್ತದಾ ಮಾರಾಯ್ರೆ? ನಿಮ್ಮ ಕಾಲೇಜಲ್ಲಿ ಎಂತ ಕಲಿಸಿದ್ದು?" ಎಂದು ಕೇಳಿ, ಆತನ ನಾಲ್ಕು ವರ್ಷದ ಓದನ್ನು ಕೈಯ ಜಿಡ್ಡಿನ ಜೊತೆ ಚಿಂದಿ ಬಟ್ಟೆಗೆ ಒರೆಸಿಬಿಟ್ಟರು. ಮಗಳ ಮದುವೆಯ ದಿನವೂ ಧಾರೆ ಮುಗಿದದ್ದೇ ಪ್ಲಾಂಟಿಗೆ ಓಡಿದ ಮಹಾನುಭಾವರು. "ಆ ಬಟ್ಟಲನ್ನೇ ಮಂಟಪಕ್ಕೆ ತಂದು ಕೂರಿಸಬಹುದಿತ್ತು" ಎಂದಿದ್ದರು ಹೆಂಡತಿ ದಮಯಂತಿ. ಕಳೆದ ವಾರ ಅದೇ ದಮಯಂತಿ ಅತ್ತಾವರದ ಆಸ್ಪತ್ರೆಯೊಂದರಲ್ಲಿ ಮಲಗಿದ್ದರು. ಮೇಲೆ ಗ್ಲೂಕೋಸ್ ಬಾಟಲಿ. ಹನಿ ಕಂಡದ್ದೇ ಗಿರಿಯಪ್ಪಣ್ಣ ಎಣಿಸತೊಡಗಿದರು, ಕೈ ತಾನಾಗಿಯೇ ಕೊಳವೆಯತ್ತ ಹೋಯಿತು. "ಅದನ್ನು ಮುಟ್ಟಬೇಡಿ ಅಜ್ಜ" ಎಂದರು ನರ್ಸ್. ಕೆಲಸವಿಲ್ಲದ ಆ ಕೈಯನ್ನು ಅವರು ಹೆಂಡತಿಯ ಹಣೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಕೊನೆಗೆ ಕಣ್ಣು ತೆರೆದು, "ಸಿಸ್ಟರ್, ಮನುಷ್ಯರಿಗೆ ಎಷ್ಟು ಬಿಸಿ ಇದ್ರೆ ಸರಿ?" ಎಂದು ಕೇಳಿದರು.