ಸಮುದ್ರದ ಮೇಲಿನ ಉಪವಾಸ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ನಮ್ಮ ತಂದೆ, ನಾವು ಅಬ್ಬಾ ಅನ್ನುತ್ತಿದ್ದೆವು, ಯಾವ ಊರಿನ ದೂರವನ್ನೂ ಮೈಲಿಯಲ್ಲಿ ಕೇಳಿದವರಲ್ಲ. "ಎಷ್ಟ್ ತಾಸಿನ ಹಾದಿ?" ಅಷ್ಟೇ. ಮಕ್ಕಾ ಯಾತ್ರೆಯ ಟಿಕೆಟ್ ಮಾಡಿಸಲು ರಾಣೆಬೆನ್ನೂರಿಗೆ ಹೋದಾಗಲೂ ಏಜೆಂಟನಿಗೆ ಅದನ್ನೇ ಕೇಳಿದರು. ಮುಂಬೈಯಿಂದ ಜಿದ್ದಾಕ್ಕೆ ಮೂರೂವರೆ ಸಾವಿರ ಕಿಲೋಮೀಟರು ಎಂದದ್ದು ಅವರ ಕಿವಿಗೆ ಬೀಳಲಿಲ್ಲ. ಐದೂವರೆ ತಾಸು ಎಂದದ್ದು ಬಿತ್ತು.

ರಂಜಾನ್ ತಿಂಗಳು, ವಿಮಾನ ಸಂಜೆ ಐದಕ್ಕೆ. ಏರಿ ಒಂದೂವರೆ ತಾಸಿಗೆ ಹೊತ್ತು ಮುಳುಗುತ್ತದೆ, ಸಮುದ್ರದ ಮೇಲೆಯೇ ರೋಜಾದ ಉಪವಾಸ ಬಿಡೋಣ ಎಂದು ಅಬ್ಬಾ ಲೆಕ್ಕ ಹಾಕಿದರು. ಅವರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ನಾವು ಆಡುವುದು ಉರ್ದು, ಜಗಳ ಮಾತ್ರ ಕನ್ನಡದಲ್ಲಿ. ಅಮ್ಮಿ ಕನ್ನಡಕ್ಕೆ ಇಳಿದಳು.

"ಪ್ರಯಾಣದಾಗ ಇದ್ದವ್ರಿಗೆ ಮಾಫಿ ಐತಿ. ಆಮ್ಯಾಲೆ ಹಿಡಿದು ತೀರಿಸಿದ್ರಾತು. ಯಾಕ ಹಟಾ ಮಾಡ್ತೀರಿ?"

"ಮೊದಲ್ನೇ ಸಲ ಅಲ್ಲಾನ ಮನಿಗೆ ಹೊಂಟೇನಿ. ಹೊಟ್ಟಿ ತುಂಬಿಸ್ಕೊಂಡು ಹೋಗ್ಲೇನು?"

ಅವರದು ಉಡದ ಪಟ್ಟು. ಅಮ್ಮಿಯೂ ರೋಜಾ ಹಿಡಿದಳು. ಜೊತೆಗೆ ಹೊರಟ ಮಗ ನಾನು ಹಿಡಿಯಲಿಲ್ಲ.

ವಿಮಾನದಲ್ಲಿ ಖರ್ಜೂರದ ಪೊಟ್ಟಣ, ನೀರು ಮೊದಲೇ ಕೊಟ್ಟಿದ್ದರು. ಅಬ್ಬಾರ ಕೈಗಡಿಯಾರದಲ್ಲಿ ಆರೂವರೆ ದಾಟಿತು. ಊರಿನ ಮಸೀದಿಯಲ್ಲಿ ಬಾಂಗು ಆಗಿರಬೇಕು. ಕಿಟಕಿಯಲ್ಲಿ ಸೂರ್ಯ ಇದ್ದ. ಏಳಕ್ಕೂ ಇದ್ದ. ಅವನು ಹೋಗುವುದು ಪಶ್ಚಿಮಕ್ಕೆ, ನಾವು ಹೊರಟದ್ದೂ ಪಶ್ಚಿಮಕ್ಕೆ. ಬೆನ್ನು ಹತ್ತಿದವರ ಕಣ್ಣಿಗೆ ಅವನು ಲಗೂ ಮರೆಯಾಗುವುದಿಲ್ಲ. ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇನ್ನೂ ಒಂದು ತಾಸಾದರೂ ಬೇಕು ಎಂದು ಗಗನಸಖಿ ಹೇಳಿ ಹೋದಳು.

ಸಕ್ಕರೆ ಇಳಿದು ಅಬ್ಬಾರ ಹಣೆ ಬೆವರಿತು. ಖರ್ಜೂರ ಹಿಡಿದ ಕೈ ನಡುಗತೊಡಗಿತು. ತಿನ್ನಿ ಎಂದೆ, ತಲೆ ಅಲ್ಲಾಡಿಸಿದರು. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಎದುರಿನ ಪರದೆಯ ಮೇಲೆ ಜಿದ್ದಾಕ್ಕೆ ಉಳಿದ ದೂರ ಕಡಿಮೆಯಾಗುತ್ತಲೇ ಇತ್ತು, ಬಿಸಿಲು ಮಾತ್ರ ಹಾಗೆಯೇ ಇತ್ತು.

ಅಮ್ಮಿ ತನ್ನ ಪೊಟ್ಟಣ ಬಿಚ್ಚಿದಳು. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಹೊತ್ತಿಗೆ ಮೊದಲು ಅವಳು ರೋಜಾ ಮುರಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನಂದೂ ಮುರೀತು. ಈಗ ತಿನ್ರಿ. ಊರಿಗೆ ಹೋಗಿ ಇಬ್ರೂ ಕೂಡೇ ತೀರಿಸೋಣು."

ಅಬ್ಬಾ ಅವಳನ್ನೇ ನೋಡಿದರು. ಆಮೇಲೆ ತಿಂದರು. ಸ್ವಲ್ಪ ಹೊತ್ತಿನಲ್ಲಿ ನಡುಕ ನಿಂತಿತು.

ಉಳಿದ ಆ ಒಂದು ರೋಜಾವನ್ನು ಇಬ್ಬರೂ ಬ್ಯಾಡಗಿಯಲ್ಲಿ ಚಳಿಗಾಲದ ಒಂದು ಸಣ್ಣ ದಿನ ಹಿಡಿದರು, ಈ ಸಲ ಡಾಕ್ಟರನ್ನು ಕೇಳಿಯೇ. ಸಂಜೆ ಕಟ್ಟೆಯ ಮೇಲೆ ಕೂತಿದ್ದರು. ಹೊತ್ತು ಮುಳುಗಿತು, ಬಾಂಗು ಕೇಳಿತು. ಅಬ್ಬಾ ಖರ್ಜೂರವನ್ನು ತಮ್ಮ ಬಾಯಿಗೆ ಒಯ್ಯಲಿಲ್ಲ. ಅಮ್ಮಿಯ ಮುಂದೆ ಹಿಡಿದರು.

"ಅವತ್ತಿನಂಗ ಮೊದಲ ನೀ ತಿನ್ನು," ಅಂದರು.