ಮಾಮನ ಪಾಲಿನ ಮೊದಲ ಕೂದಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೂವತ್ತು ವರ್ಷ ಹುಮನಾಬಾದಿನ ಶಾಲೆಯಲ್ಲಿ ಪಾಠ ಹೇಳಿ ನಾನು ನಿವೃತ್ತಳಾದೆ, ನನ್ನ ಸಿಟ್ಟು ಆಗಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತರೆ ಗಂಡನ ಮೇಲೆ ಹರಿಹಾಯುತ್ತೇನೆಂದು ಒಂದು ಕೆಲಸ ಹಚ್ಚಿಕೊಂಡೆ. ಜೈಲಿನಲ್ಲಿರುವವರ ಮನೆಯವರಿಗೆ ಮುಲಾಕಾತಿನ ಅರ್ಜಿ ಬರೆದುಕೊಡುವುದು, ಭೇಟಿಯ ದಿನ ಅವರ ಜೊತೆ ಹೋಗಿಬರುವುದು, ಮಕ್ಕಳು ಶಾಲೆ ಬಿಟ್ಟಿದ್ದರೆ ಮತ್ತೆ ಸೇರಿಸುವುದು. ಚಿಟಗುಪ್ಪದಿಂದ, ಬಸವಕಲ್ಯಾಣದಿಂದ ಬರುವವರು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನನಗಾಗಿ ಕಾಯುತ್ತಾರೆ. ಎಲ್ಲರಿಗೂ ನಾನು ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ.

ಅಂಥ ಮನೆಯವರಲ್ಲಿ ಒಬ್ಬಳು ಕೊಹಿನೂರ ಕಡೆಯ, ಕುರಿ ಸಾಕುವ ಮನೆಯವಳು. ಅವಳ ತಮ್ಮ ಐದು ವರ್ಷದಿಂದ ಒಳಗಿದ್ದ. ಕುರಿಗಳು ಹೊಲಕ್ಕೆ ಬಿದ್ದವೆಂದು ಜಗಳವಾಗಿ ಕೋಲು ಬೀಸಿದ್ದ. ಪೆಟ್ಟು ತಿಂದವನು ಉಳಿಯಲಿಲ್ಲ. ತಿಂಗಳಿಗೊಮ್ಮೆ ಮುದುಕಿ ತಾಯಿ ಅವನನ್ನು ನೋಡಲು ಹೋಗುತ್ತಿದ್ದಳು. ಮಗಳನ್ನು ಅತ್ತೆಮನೆಯವರು ಒಮ್ಮೆಯೂ ಕಳಿಸಿರಲಿಲ್ಲ. ಮೊಮ್ಮಗ ಶಾಲೆ ಬಿಟ್ಟನೆಂದು ಆ ಮುದುಕಿಯೇ ನನ್ನನ್ನು ಮಗಳ ಮನೆಗೆ ಕರೆದೊಯ್ದಳು.

ಹುಡುಗ ಕುರಿದೊಡ್ಡಿಯ ಮೂಲೆಯಲ್ಲಿ ಕೂತಿದ್ದ. ಆರು ವರ್ಷ, ಬೆನ್ನ ಮೇಲೆ ಎರಡು ಹೆರಳು. ಹುಟ್ಟುಗೂದಲು ತೆಗೆಯುವ ಜಾವಳ ಆಗಿರಲೇ ಇಲ್ಲ. ಶಾಲೆಯ ಹುಡುಗರು “ಏ ಹುಡುಗಿ” ಎಂದು ಹೆರಳು ಜಗ್ಗುತ್ತಿದ್ದರಂತೆ. ನಾಲ್ಕು ದಿನ ತಡೆದುಕೊಂಡು ಐದನೆಯ ದಿನ ಅವನು ಚೀಲ ಬಿಸಾಕಿದ್ದ.

“ಜಾವಳ ಯಾಕ ಮಾಡಿಲ್ಲ?” ಎಂದೆ.

“ಮಾಮಾನ ತೊಡಿ ಮ್ಯಾಲ ಕುಂದ್ರಬೇಕಲ್ರಿ ಅಕ್ಕೋರ. ಮೊದಲನೇ ಎಳಿ ಅವನೇ ತೆಗೀಬೇಕು,” ಎಂದಳು ತಾಯಿ.

“ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಯಾರೂ ಇಲ್ಲೇನು ನಿನಗ? ಅವರ ತೊಡಿ ಮ್ಯಾಲ ಕುಂದ್ರಿಸು.”

“ಅದಾರ್ರಿ. ಖರೆ, ನನ್ನ ತಮ್ಮ ಜೀವಂತ ಇರೂತನ ಇನ್ನೊಬ್ಬರನ್ನ ಕುಂದ್ರಿಸಿದ್ರ ಇವನು ಸತ್ತ ಅಂದಾಂಗ. ಊರವರು ಅಂದಾರ, ಅತ್ತಿಮನಿಯವರು ಅಂದಾರ. ನಾನೂ ಅನ್ಲೇನ್ರಿ?”

ಉತ್ತರ ತಿಳಿಯದಿದ್ದಾಗಲೇ ನನ್ನ ಬಾಯಿ ಹೆಚ್ಚು. “ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಎಳದಾಂಗ ಆತು ನಿಂದು! ತಪ್ಪು ಮಾಡಿದವನು ತಮ್ಮ, ಸಾಲಿ ತಪ್ಪಿದ್ದು ಮಗಂದು,” ಎಂದು ಬೈದು ಬಂದೆ. ದಾರಿಯುದ್ದಕ್ಕೂ ನನಗೇ ನಾಚಿಕೆಯಾಗುತ್ತಿತ್ತು.

ಮುಂದಿನ ತಿಂಗಳು ಮುದುಕಿಗೆ ಮೊಣಕಾಲು ನೋವು. ಹಾಗಾಗಿ ಅತ್ತೆಮನೆಯವರನ್ನು ಹೇಗೋ ಒಪ್ಪಿಸಿ ಮಗಳೇ ಬಂದಳು, ಹುಡುಗನನ್ನು ಕರೆದುಕೊಂಡು. ಬಸ್ಸಿನಲ್ಲಿ ಅವಳು ಕೈಚೀಲವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಜೈಲಿನ ಬಾಗಿಲಲ್ಲಿ ಪೊಲೀಸಮ್ಮ ಅದನ್ನು ಬಿಚ್ಚಿದಾಗ ಒಳಗಿಂದ ಬಂದವು ಒಂದು ತೆಂಗಿನಕಾಯಿ, ಅರಿಸಿನ, ಹೊಸ ಟೊಪ್ಪಿಗೆ, ಕಡೆಗೆ ಒಂದು ಕತ್ತರಿ.

“ಜೈಲಿಗಿ ಕತ್ತರಿ ತಂದೀಯೇನವ್ವಾ?” ಎಂದಳು ಪೊಲೀಸಮ್ಮ.

“ತಮ್ಮನ ತೊಡಿ ಮ್ಯಾಲ ಕುಂದ್ರಿಸಿ ಒಂದೇ ಒಂದು ಎಳಿ ತೆಗಿಸ್ಕೊಂಡು ಬರ್ತೀನ್ರಿ,” ಎಂದಳು ಇವಳು.

ನನ್ನ ನೆತ್ತಿಗೇರಿದ ಸಿಟ್ಟು ಅಲ್ಲೇ ಇಳಿಯಿತು. ಜೈಲೆಂದರೆ ಒಂದು ಕೋಣೆ, ಅಲ್ಲೊಂದು ಮಂಚ, ಅದರ ಮೇಲೆ ತಮ್ಮ ಕೂತಿರುತ್ತಾನೆ ಎಂದುಕೊಂಡಿದ್ದಳು ಅವಳು. ನಡುವೆ ಜಾಲರಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ; ನೋಡಿ ನೋಡಿ ನನಗದು ರೂಢಿಯಾಗಿಬಿಟ್ಟಿತ್ತು. ತಪ್ಪು ನನ್ನದೆಂದು ಪೊಲೀಸಮ್ಮನಿಗೆ ಕೈಮುಗಿದೆ. ಅವಳು ಚೀಲವನ್ನು ಅಲ್ಲೇ ಇಟ್ಟುಕೊಂಡು ನಮ್ಮನ್ನು ಒಳಗೆ ಬಿಟ್ಟಳು.

ಜಾಲರಿ ಕಂಡದ್ದೇ ಅವಳ ಕಾಲು ನಿಂತವು. ಆಚೆ ಕಡೆ ತಮ್ಮ ಬಂದು ನಿಂತ. ಮೊದಲು ಅಕ್ಕನನ್ನು ನೋಡಿದ, ಆಮೇಲೆ ಹುಡುಗನ ಹೆರಳನ್ನು.

“ಇನ್ನಾ ತೆಗದಿಲ್ಲೇನಕ್ಕ?”

“ನೀ ಇಲ್ಲದ ಹ್ಯಾಂಗ ತೆಗೀಲಿ?”

“ನನ್ನ ಸಲುವಾಗಿ ಅವನ್ಯಾಕ ತ್ರಾಸ ಪಡಬೇಕು? ಯಾರ ತೊಡಿಯಾದ್ರೂ ನಡೀತದ. ನಾ ಸತ್ತೀನಿ ಅಂತ ತಿಳ್ಕೋ,” ಎಂದು ಜಾಲರಿಗೆ ಹಣೆ ಹಚ್ಚಿ ಅತ್ತ. ಅಕ್ಕನೂ ಅತ್ತಳು. ಹೇಳಿಕೊಳ್ಳಲು ನಾಚಿಕೆಯಿಲ್ಲ, ನಾನೂ ಅತ್ತೆ. ಅಳುವುದರಲ್ಲೇ ಸಮಯ ಸರಿಯುತ್ತಿತ್ತು.

ಹುಡುಗನಿಗೆ ಮಾತ್ರ ಅಳಲು ಪುರಸೊತ್ತಿರಲಿಲ್ಲ. ಮಾಮ ಇವತ್ತು ಕೂದಲು ತೆಗೆಯುತ್ತಾನೆಂದು ತಾಯಿ ಹೇಳಿ ಕರೆತಂದಿದ್ದಳು. ಅವನು ಜಾಲರಿಗೆ ಬೆನ್ನು ಮಾಡಿ ನಿಂತು, ಒಂದು ಹೆರಳಿನ ತುದಿಯನ್ನು ಬೆರಳಿನಿಂದ ತೂತಿನೊಳಗೆ ತುರುಕಿದ.

“ತಗೀ ಮಾಮಾ. ಲಗೂನ.”

ಮಾಮ ತನ್ನ ಬರಿಗೈ ನೋಡಿಕೊಂಡ. ಕಾವಲಿನವನ ಕಡೆ ನೋಡಿದ. ಆಮೇಲೆ ಮಂಡಿಯೂರಿ, ಆ ತುದಿಯನ್ನು ಹಲ್ಲಿನ ನಡುವೆ ಹಿಡಿದು ಕಚ್ಚತೊಡಗಿದ. ಕೂದಲು ಅಷ್ಟು ಸುಲಭಕ್ಕೆ ಕಡಿಯುವುದಿಲ್ಲ. ಕಣ್ಣೀರು ಗಡ್ಡಕ್ಕಿಳಿಯುತ್ತಿದ್ದರೂ ಅವನು ಬಿಡಲಿಲ್ಲ. ಕಾವಲಿನವನು ಗೋಡೆಯ ಗಡಿಯಾರವನ್ನೇ ನೋಡುತ್ತ ನಿಂತ. ಕೊನೆಗೆ ನಾಲ್ಕಾರು ಎಳೆ ಕಡಿದವು. ಅವನ್ನು ಅಂಗೈಯಲ್ಲಿಟ್ಟು ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡ. “ಆತು ನೋಡಪ್ಪಾ, ಸಾಲಿಗಿ ಹೋಗು,” ಎಂದ.

ಚೀಲ ಇಸಿದುಕೊಂಡು ಹೊರಗೆ ಬಂದವರೇ ಎದುರಿನ ಕಟಿಂಗ್ ಅಂಗಡಿಗೆ ಹೋದೆವು. ಅಂಗಡಿಯವನು ಹುಡುಗನನ್ನು ಕುರ್ಚಿಗೆ ಹತ್ತಿಸಹೋದರೆ ಇವಳು ತಡೆದಳು. “ಅಕ್ಕೋರ, ನೀವು ಕುಂದ್ರಿ.”

“ನಾನು ಮಾಮಾ ಏನವ್ವಾ?”

“ಮಾಮಾನ ಕೆಲಸ ಆತಲ್ರಿ. ಉಳಿದದ್ದಕ್ಕ ಬೈಯೋರ ತೊಡಿಯಾದ್ರೂ ನಡೀತದ,” ಎಂದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆರು ವರ್ಷದ ಕೂದಲು ನನ್ನ ಸೀರೆಯ ಮೇಲೆ ಬಿತ್ತು. ಮಕ್ಕಳಿಲ್ಲದ ನನ್ನ ತೊಡೆಯ ಮೇಲೆ ಯಾರೂ ಅಷ್ಟು ಹೊತ್ತು ಕೂತಿರಲಿಲ್ಲ.

ಸೋಮವಾರ ನಾನೇ ಅವನನ್ನು ಶಾಲೆಗೆ ಬಿಡಲು ಹೋದೆ. ಹುಡುಗರು ಸುತ್ತುಗಟ್ಟಿ ಅವನ ಬೋಳುತಲೆ ಸವರಿದರು. ಅವರಲ್ಲೊಬ್ಬ ಕೇಳಿದ: “ನಿನಗ ಮಾಮಾನೇ ಇಲ್ಲಂತಲ್ಲ. ಜಾವಳ ಯಾರು ತೆಗದ್ರೋ?”

ಅವನು ಹೊಸ ಟೊಪ್ಪಿಗೆ ಸರಿಮಾಡಿಕೊಂಡು, ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದ: “ಅದಾನ. ನಮ್ಮ ಮಾಮಾನೇ ತೆಗದಾನ.”