ಬೊಮ್ಮಕ್ಕನ ಚಿತ್ರ ಬಿಡಿಸಿದ್ದು

ಮಧುಗಿರಿಯಲ್ಲಿ ಬೊಮ್ಮಕ್ಕ ಕೆಮ್ಮಣ್ಣು, ಸುಣ್ಣ ಹಿಡಿದು ಗೋಡೆಯ ಮುಂದೆ ನಿಂತರೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಆನೆಯ ಸೊಂಡಿಲು ಗಿಡ್ಡವಾಯಿತು ಎಂದ ಶಾನುಭೋಗರಿಗೆ, "ನಿನ್ ಮೂಗಿಗಿಂತ ಉದ್ದ ಐತೆ, ಹೋಗು" ಎಂದಿದ್ದಳು. ಸಂತೆಪೇಟೆ, ಛತ್ರ, ಕೋಟೆ ಬಾಗಿಲು, ಎಲ್ಲೆಲ್ಲೂ ಅವಳದೇ ಚಿತ್ರ. ಓದು ಬರಹ ಇರಲಿಲ್ಲ. ಒಬ್ಬಳೇ ಮಗಳು ಮುದ್ದಕ್ಕ ಹದಿನಾಲ್ಕಕ್ಕೇ ಪ್ಲೇಗಿನಲ್ಲಿ ಹೋದಳು. ಆ ವರ್ಷ ಬೊಮ್ಮಕ್ಕ ಸಿಹಿನೀರು ಬಾವಿಯ ಗೋಡೆಯ ಮೇಲೆ ಕೊಡ ಹೊತ್ತ ಏಳು ಹೆಂಗಸರನ್ನು ಬರೆದಳು. ಬಲತುದಿಯವಳೇ ಮುದ್ದಕ್ಕ. ಫೋಟೋ ತೆಗೆಸುವ ಕಾಲವೇ ಅದು? ಆ ಮುಖ ಉಳಿದದ್ದು ಅಲ್ಲೊಂದೇ ಕಡೆ. ದಿನಾ ಬೆಳಿಗ್ಗೆ ಅದನ್ನು ನೋಡಿಯೇ ಅವಳು ನೀರು ಸೇದುತ್ತಿದ್ದಳು.

೧೯೩೬ರಲ್ಲಿ ನಮ್ಮಲ್ಲಿ ಊರ ಶೃಂಗಾರ ಸಮಿತಿ ಎಂದೊಂದು ಹುಟ್ಟಿತು. ಊರಿನ ಚಿತ್ರಗಳಲ್ಲಿ ಯಾವುದು ಇರಬೇಕು, ಯಾವುದಕ್ಕೆ ಸುಣ್ಣ ಹೊಡೆಯಬೇಕು, ಯಾವುದನ್ನು ಹೊಸದು ಮಾಡಬೇಕು ಎಂದು ವರ್ಷವರ್ಷವೂ ಪಟ್ಟಿ ಮಾಡುವುದು ಅದರ ಕೆಲಸ. ಕನ್ನಡ ಮೇಷ್ಟ್ರು ಎಂದು ನನ್ನನ್ನೇ, ಈ ಚಿಕ್ಕರಂಗಯ್ಯನನ್ನೇ, ಕಾರ್ಯದರ್ಶಿ ಮಾಡಿದರು. ಬಾವಿ ಗೋಡೆಯ ಬಣ್ಣ ಮಾಸಿತ್ತು. ಬೊಮ್ಮಕ್ಕನಿಂದಲೇ ಬಣ್ಣ ತುಂಬಿಸೋಣ ಎಂದುಕೊಂಡು ಪಟ್ಟಿಯಲ್ಲಿ ಅದರ ಮುಂದೆ "ಚಿತ್ರ ಬಿಡಿಸುವುದು" ಎಂದು ಬರೆದೆ. "ಬಣ್ಣ ತುಂಬುವುದು" ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು!

ಮರುವಾರ ಪಾಠದ ಮಧ್ಯೆ ಗಾರೆ ಕೆಲಸದ ಅಡವಯ್ಯ ಸ್ಕೂಲಿನ ಬಾಗಿಲಿಗೆ ಬಂದ.

"ಕೆರೆದಿದ್ ಗಾರೆ ಎಲ್ ಸುರೀಬೇಕು ಮೇಷ್ಟ್ರೇ? ಬಾವಿ ಗೋಡೆ ಚಿತ್ರ ಬುಡ್ಸಾಕೆ ಬೋರಯ್ಯ ಆಗ್ಲೇ ಹತ್ತವ್ನೆ."

"ಬಿಡಿಸೋದು ಅಂದ್ರೆ ಕೆರೆಯೋದೇನಯ್ಯಾ?"

"ಅವರೇಕಾಯಿ ಸಿಪ್ಪೆ ಬುಡ್ಸಲ್ವಾ, ಅಂಗೆ. ನೀವೇ ಬರ್ದಿದೀರಲ್ಲ!"

ಪಂಚೆ ಎತ್ತಿ ಕಟ್ಟಿ ಓಡಿದೆ. ಅಡವಯ್ಯನ ಜೊತೆಗಾರ ಬೋರಯ್ಯ ಯಾವ ಗೋಡೆಯನ್ನೂ ಎಡಗಡೆಯಿಂದಲೇ ಹಿಡಿಯುವವನು. ಮುದ್ದಕ್ಕನ ಸರದಿ ಕೊನೆಗೆ. ಮೂವರು ಹೋಗಿರಲಿ, ನಾಲ್ವರು ಹೋಗಿರಲಿ, ಏಳನೆಯವಳೊಬ್ಬಳು ಉಳಿಯಲಿ ದೇವರೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಬಾವಿ ಮುಟ್ಟಿದಾಗ ಆರು ಹೆಂಗಸರು ಹಾಗೇ ನಿಂತಿದ್ದರು. ನೆನೆಸಿದ ಗೋಡೆ ಎಡಗಡೆ ಬಿಸಿಲಿಗೆ ಆಗಲೇ ಒಣಗಿತ್ತೆಂದು ಬೋರಯ್ಯ ಅಂದು ನೆರಳಿದ್ದ ಬಲಗಡೆಯಿಂದ ಶುರು ಮಾಡಿದ್ದ.

"ಬೊಮ್ಮಕ್ಕ ಎಲ್ಲಯ್ಯಾ? ತಡೀಲಿಲ್ವಾ?" ಎಂದು ಕೂಗಿದೆ.

"ಯಾಕ್ ತಡೆದಾಳು? ಚಿತ್ರ ಬುಡ್ಸಾಕೆ ಬಂದೀವಿ ಕಣಮ್ಮ ಅಂದೆ. ಕುಸಿಯಾಗಿ ತಾನೇ ನೀರೆರಚಿ ಗೋಡೆ ನೆನೆಸ್ಕೊಟ್ಟು, ಬಣ್ಣ ಅರ್ಕಂಡ್ ಬತ್ತೀನಿ ಅಂತ ಮನೆಗೋದ್ಲು."

ಅಷ್ಟರಲ್ಲಿ ಅವಳು ಬಣ್ಣದ ಕುಡಿಕೆಗಳನ್ನು ಹಿಡಿದು ಬಂದಳು. ಗೋಡೆ ನೋಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಾನು ಆಡಲೂ ಇಲ್ಲ, ಬರೆದೇ ಕೆಡಿಸಿದ್ದೆ. ನಾಚಿಕೆಯಿಂದ ಸತ್ತೇಹೋದೆ.

"ತಪ್ಪಾಯ್ತು ಬೊಮ್ಮಕ್ಕ. ಮತ್ತೆ ಬರಿ. ಹೆತ್ತ ಮಗಳ ಮುಖ ಕೈಗೆ ಬರದೇ ಇರುತ್ತಾ?" ಎಂದೆ.

"ದಿನಾ ಇಲ್ಲೇ ನೋಡ್ತಿದ್ನಲ್ಲಪ್ಪಾ," ಎಂದಳು. "ಗೋಡೆ ಮ್ಯಾಲೆ ಐತಲ್ಲ ಅಂತ ಮನ್ಸಲ್ಲಿ ಇಟ್ಕಳ್ಳೇ ಇಲ್ಲ. ಈಗ ಏನ್ ನೋಡ್ಕಂಡು ಬುಡಿಸ್ಲಿ?"

ಸಂಜೆಯವರೆಗೆ ಅಲ್ಲೇ ಕೂತಿದ್ದಳು. ಕೊನೆಗೆ ಎದ್ದು ಏಳನೆಯವಳನ್ನು ಬರೆದಳು, ನಮ್ಮ ಕಡೆಗೆ ಬೆನ್ನು ಮಾಡಿ ಹೊರಟು ಹೋಗುತ್ತಿರುವ ಹಾಗೆ.